ಮುಚ್ಚಿಗೆಯ ದೇವದೂತ

ನಮ್ಮ ಕಟ್ಟಡದ ಲಿಫ್ಟಿನ ಒಳಗೆ, ತಲೆಯ ಮೇಲೆ, ಒಂದು ಟ್ಯೂಬ್‌ಲೈಟ್ ಇತ್ತು. ಅದರ ಒಂದು ತುದಿ ಕಪ್ಪಾಗಿತ್ತು. ಉರಿಯುವ ಮೊದಲು ಸ್ವಲ್ಪ ಹೊತ್ತು ಉರಿಯಬೇಕೋ ಬೇಡವೋ ಎಂದು ಯೋಚಿಸುತ್ತಿತ್ತು. ಅದರ ಪಕ್ಕದ ಜಾಲರಿಗೆ ಯಾರೋ ಅಗಿದ ಚ್ಯೂಯಿಂಗ್ ಗಮ್ ಅಂಟಿಸಿದ್ದಾರೆ. ಅಷ್ಟು ಎತ್ತರಕ್ಕೆ ಕೈ ಹೇಗೆ ಮುಟ್ಟಿತು ಎನ್ನುವುದು ನನಗೆ ಇಂದಿಗೂ ಬಗೆಹರಿಯದ ಪ್ರಶ್ನೆ. ಇದೇ ಲಿಫ್ಟಿನಲ್ಲಿ ದಿನಾ ನನ್ನ ಜೊತೆ ಇಳಿಯುವ ಪಕ್ಕದ ಫ್ಲಾಟಿನವರ ಮುಖ ಹೇಗಿದೆ ಎಂದು ನೀವು ಕೇಳಿದರೆ ಮಾತ್ರ ನಾನು ಸ್ವಲ್ಪ ತಡವರಿಸಬೇಕಾಗುತ್ತದೆ. ಅವರಿಗೆ ಕನ್ನಡಕ ಇದೆ ಎಂದು ಕಾಣುತ್ತದೆ.

ಎಲ್ಲಿಗೆ ಹೋದರೂ ಒಳಗೆ ಕಾಲಿಟ್ಟ ಕೂಡಲೇ ಮೇಲೆ ನೋಡುವುದು ನನ್ನ ಅಭ್ಯಾಸ. ಕುವೈತಿಗೆ ಬಂದ ಹೊಸತರಲ್ಲಿ ಇದರಿಂದ ಸ್ವಲ್ಪ ತೊಂದರೆಯಾಯಿತು. ಒಂದು ಮಾಲಿನಲ್ಲಿ ಕಾವಲುಗಾರ, ನಾನು ಕ್ಯಾಮೆರಾ ಎಲ್ಲೆಲ್ಲಿವೆ ಎಂದು ಗುರುತು ಹಾಕಿಕೊಳ್ಳುತ್ತಿದ್ದೇನೆಂದು ತಿಳಿದು ಚಪ್ಪಲಿ ಅಂಗಡಿಯಿಂದ ಐಸ್‌ಕ್ರೀಮ್ ಅಂಗಡಿಯವರೆಗೆ ನನ್ನ ಹಿಂದೆಯೇ ಬಂದ. ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ನವೀಕರಿಸುವ ಕಚೇರಿಯಲ್ಲಿ ಸರದಿಯಲ್ಲಿದ್ದ ಒಬ್ಬರು, ನಾನು ದೇವರನ್ನು ನೆನೆಯುತ್ತಿದ್ದೇನೆಂದು ಭಾವಿಸಿ, ಎಲ್ಲ ಸರಿಹೋಗುತ್ತದೆ ಭಾಯಿ ಎಂದು ಸಮಾಧಾನ ಹೇಳಿದರು. ಈ ಅಭ್ಯಾಸಕ್ಕೆ ನಿಜವಾದ ಮರ್ಯಾದೆ ಸಿಕ್ಕಿದ್ದು ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಮಾತ್ರ.

ಆದರೆ ಅನ್ನ ಕೊಟ್ಟದ್ದೂ ಅದೇ. ಇಲ್ಲಿಯ ರಾಯ್ ಎಂಬಲ್ಲಿ ಜಿಪ್ಸಮ್ ಫಾಲ್ಸ್ ಸೀಲಿಂಗ್ ಮಾರುವ ಶೋರೂಮಿಗೆ ಕೆಲಸ ಕೇಳಿಕೊಂಡು ಹೋಗಿದ್ದೆ. ಈಜಿಪ್ಟಿನ ಮ್ಯಾನೇಜರ್ ನನ್ನ ಅನುಭವ ಏನೆಂದು ಕೇಳಿದ. ಅನುಭವವೇನೂ ಇರಲಿಲ್ಲ, ಹಾಗಾಗಿ ನಾನು ಮೇಲೆ ನೋಡಿದೆ. ಅವನೂ ನೋಡಿದ. ಅವನ ಮೇಜಿನ ನೇರಕ್ಕೆ ಒಂದು ಹಲಗೆಯ ಮೂಲೆ ಸಡಿಲವಾಗಿ ಇಳಿಬಿದ್ದಿತ್ತು. ಎಷ್ಟೋ ದಿನಗಳಿಂದ ಅದರ ಕೆಳಗೇ ಕೂತಿದ್ದರೂ ಅವನು ಗಮನಿಸಿರಲಿಲ್ಲವಂತೆ. ಕುರ್ಚಿ ಪಕ್ಕಕ್ಕೆ ಸರಿಸಿ, ಖಲಾಸ್, ನಾಳೆಯಿಂದ ಬಾ ಎಂದ. ಅಂದಿನಿಂದ ಇಂದಿನವರೆಗೂ ಅಲ್ಲೇ ಇದ್ದೇನೆ. ಊರಲ್ಲಿ ಯಾವ ಅಭ್ಯಾಸಕ್ಕಾಗಿ ಧರ್ಮಪಾಠದ ಕೇಟಿಕಿಸಂ ಟೀಚರರಿಂದ ಕಿವಿ ಹಿಂಡಿಸಿಕೊಂಡಿದ್ದೆನೋ ಅದಕ್ಕೇ ಇಲ್ಲಿ ಸಂಬಳ ಕೊಡುತ್ತಾರೆ.

ಈ ಅಭ್ಯಾಸ ಬಂದದ್ದು ನಮ್ಮೂರ ಇಗರ್ಜಿಯಿಂದ, ಅಂದರೆ ಚರ್ಚಿನಿಂದ. ಕರಾವಳಿಯ ಒಂದು ಸಣ್ಣ ಪೇಟೆ ನಮ್ಮದು. ಇಗರ್ಜಿ ವಿಕ್ಟೋರಿಯಾ ರಾಣಿಯ ಕಾಲದ್ದು. ಬಾಗಿಲ ಮೇಲಿನ ಕಲ್ಲಿನಲ್ಲಿ ಇಸವಿ ಕೆತ್ತಿದ್ದಾರೆ, ಆದರೆ ಪ್ರತಿ ವರ್ಷ ಹಬ್ಬಕ್ಕೆ ಸುಣ್ಣ ಹೊಡೆದು ಹೊಡೆದು ಅಂಕಿಗಳು ತುಂಬಿಹೋಗಿವೆ. ಕಟ್ಟಿಸಿದ ವಿದೇಶಿ ಪಾದ್ರಿಗೆ ನಕಾಶೆ ಬರೆದುಕೊಟ್ಟವನು ಕಲೆಕ್ಟರ್ ಕಚೇರಿಯ ಒಬ್ಬ ಇಂಗ್ಲಿಷ್ ಎಂಜಿನಿಯರ್ ಎಂದು ಹೇಳುತ್ತಾರೆ. ಅವನು ತನ್ನ ಊರನ್ನು ನೆನೆಸಿಕೊಂಡೇ ಬರೆದಿರಬೇಕು. ಹೆಂಚಿನ ಮಾಡು ಎಷ್ಟು ಕಡಿದಾಗಿದೆಯೆಂದರೆ ಹೆಂಚು ಬದಲಾಯಿಸಲು ಹತ್ತುವವರು ಮೊದಲು ಪಾಪನಿವೇದನೆ ಮಾಡಿಕೊಂಡು ಹತ್ತುತ್ತಾರೆ. ಅಷ್ಟು ಕಡಿದು ಯಾಕೆಂದರೆ, ಹಿಮ ಬಿದ್ದರೆ ಜಾರಿ ಹೋಗಬೇಕು. ನಮ್ಮೂರಲ್ಲಿ ಇದುವರೆಗೆ ಹಿಮ ಬಿದ್ದಿಲ್ಲ. ಬಿದ್ದ ದಿನ ನಮ್ಮ ಇಗರ್ಜಿಗೆ ಏನೂ ಆಗುವುದಿಲ್ಲ.

ಬಲಿಪೀಠದ ಹಿಂದೆ, ಪಾದ್ರಿಗಳು ಉಡುಪು ಧರಿಸುವ ಕೋಣೆಯಲ್ಲಿ, ಚಳಿ ಕಾಯಿಸಲು ಒಂದು ಬೆಂಕಿಗೂಡು ಇದೆ. ಮಕ್ಕಳಾಗಿದ್ದಾಗ ನಾವು ಅದರೊಳಗೆ ಒದ್ದೆ ಕೊಡೆಗಳನ್ನು ಇಡುತ್ತಿದ್ದೆವು. ಕಿಟಕಿಗಳೆಲ್ಲ ಮೇಲಕ್ಕೆ ಚೂಪಾಗಿ, ಎರಡು ಕೈ ಜೋಡಿಸಿದಂತೆ ಮುಗಿಯುತ್ತವೆ. ಅವುಗಳ ಬಣ್ಣದ ಗಾಜು ಹಡಗಿನಲ್ಲಿ ಬಂದದ್ದು. ಪಡುವಣ ಕಿಟಕಿಯಿಂದ ಸಂಜೆಯ ಬಿಸಿಲು ಬಿದ್ದಾಗ ಹೆಂಗಸರ ಬದಿಯಲ್ಲಿ ಕೂತವರ ಬಿಳಿ ಸೀರೆಗೆಲ್ಲ ಕೆಂಪು ನೀಲಿ ಬಣ್ಣ ಹತ್ತುತ್ತಿತ್ತು. ಒಳಗಿನ ಕಂಬಗಳು ಎರಕದ ಕಬ್ಬಿಣದವು. ತುದಿಯಲ್ಲಿ ಎಲೆಗಳ ಗೊಂಚಲು. ಯಾವ ಮರದ ಎಲೆಯೆಂದು ಕೃಷಿ ಗೊತ್ತಿದ್ದವರೂ ಹೇಳಲಾರರು. ನೆಲಕ್ಕೆ ಹೂಬಳ್ಳಿಯ ಚಿತ್ರವಿರುವ ಕಂದು ಹೆಂಚುಗಳು. ಅವುಗಳ ಮೇಲೆ ಮೊಣಕಾಲೂರಿ ಎದ್ದರೆ ಮೊಣಕಾಲಿನಲ್ಲಿ ಬಳ್ಳಿ ಮೂಡುತ್ತಿತ್ತು. ಬೆಳಗ್ಗೆ ಪೂಜೆಗೆ ಹೋದವರು ಯಾರು, ಹೋಗದೆ ಸುಳ್ಳು ಹೇಳುವವರು ಯಾರು ಎಂದು ಅಮ್ಮ ಮೊಣಕಾಲು ನೋಡಿಯೇ ಹೇಳುತ್ತಿದ್ದಳು.

ಗೋಪುರವೊಂದು ಅರ್ಧವಾಗಿದೆ. ಚೂಪು ತುದಿ ಇರಬೇಕಾದಲ್ಲಿ ಒಂದು ತಗಡಿನ ಟೊಪ್ಪಿ ಇದೆ. ತುದಿ ಇತ್ತು, ಸಿಡಿಲು ಬಡಿದು ಹೋಯಿತು ಎಂದು ಒಂದು ಪಕ್ಷ. ಕಟ್ಟಲೇ ಇಲ್ಲ, ಪಾದ್ರಿಗೆ ವರ್ಗವಾಯಿತು ಎಂದು ಇನ್ನೊಂದು ಪಕ್ಷ. ಕಂಡವರು ಯಾರೂ ಉಳಿದಿಲ್ಲವಾದ್ದರಿಂದ ಎರಡೂ ಪಕ್ಷದವರು ನೆಮ್ಮದಿಯಿಂದ ವಾದಿಸುತ್ತಾರೆ.

ಆದರೆ ನನ್ನ ಪಾಲಿಗೆ ಇಗರ್ಜಿ ಎಂದರೆ ಮುಚ್ಚಿಗೆ. ಮಾಡಿನ ಒಳಗಡೆ ಹಲಗೆ ಹೊಡೆದು ಮುಚ್ಚುವುದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ನೀಲಿ ಬಳಿದು, ಚಿನ್ನದ ನಕ್ಷತ್ರ ಬರೆದು, ನಡುನಡುವೆ ಒಂದೊಂದು ಚೌಕಟ್ಟಿನಲ್ಲಿ ಒಬ್ಬೊಬ್ಬ ದೇವದೂತನನ್ನು ನಿಲ್ಲಿಸಿದ್ದರು. ಬರೆದವನು ದೋಣಿಗಳಿಗೆ ಬಣ್ಣ ಬಳಿಯುತ್ತಿದ್ದವನಂತೆ. ರೆಕ್ಕೆ, ನಿಲುವಂಗಿ ಎಲ್ಲ ವಿದೇಶಿ ಪುಸ್ತಕದಲ್ಲಿದ್ದಂತೆಯೇ ಬರೆದ. ಮುಖ ಬರೆಯುವಾಗ ಅವನಿಗೆ ನಮ್ಮೂರವರು ನೆನಪಾದರು. ಒಬ್ಬ ದೇವದೂತನಿಗೆ ಸಣ್ಣ ಮೀಸೆಯೂ ಇತ್ತು. ಬಿಷಪರು ಭೇಟಿಗೆ ಬಂದಾಗಲೆಲ್ಲ ಆ ಚೌಕಟ್ಟಿನ ಕೆಳಗೆ ದೊಡ್ಡ ಕಾಗದದ ನಕ್ಷತ್ರ ತೂಗಿಸುತ್ತಿದ್ದರು.

ಬಲಿಪೀಠದ ಮುಂದೆ, ನಡುವಿನ ದಾರಿ ಮುಗಿಯುವಲ್ಲಿ, ನೇರ ಮೇಲೆ ಇದ್ದವನು ನನ್ನ ದೇವದೂತ. ಮಕ್ಕಳು ಕೂರುವ ಜಾಗ ಅದು. ಪಾದ್ರಿಗಳ ಪ್ರಸಂಗ ಉದ್ದವಾದಾಗ ನಾನು ಕತ್ತೆತ್ತಿ ಅವನ ಜೊತೆ ಕಾಲ ಕಳೆಯುತ್ತಿದ್ದೆ. ಎತ್ತರ ಬಹಳ, ಮೇಣದ ಬತ್ತಿಯ ಹೊಗೆ ಹಿಡಿದು ಚಿತ್ರ ಮಸುಕಾಗಿತ್ತು. ಎದೆಯ ಹತ್ತಿರ ಎರಡು ಕೈಯಲ್ಲೂ ಏನನ್ನೋ ಹಿಡಿದುಕೊಂಡಿದ್ದ. ನಮ್ಮೂರಲ್ಲಿ ಯಾರ ಬದುಕಿನಲ್ಲಿ ಏನೇ ನಡೆದರೂ ಆ ಹಲಗೆಯ ಕೆಳಗೇ ನಡೆಯುತ್ತಿತ್ತು. ಪ್ರಥಮ ಪರಮಪ್ರಸಾದಕ್ಕೆ ಬಿಳಿ ಅಂಗಿ ತೊಟ್ಟು ನಿಂತದ್ದು ಅಲ್ಲಿ. ಅಮ್ಮನ ಶವಪೆಟ್ಟಿಗೆ ಇಟ್ಟದ್ದೂ ಅಲ್ಲೇ. ಅಂದು ನಾನು ಕುವೈತಿನಿಂದ ವಿಮಾನ ಇಳಿದು ನೇರ ಇಗರ್ಜಿಗೆ ಬಂದಿದ್ದೆ. ಎಲ್ಲರೂ ಪೆಟ್ಟಿಗೆಯ ಕಡೆ ನೋಡುತ್ತಿದ್ದರೆ ನಾನು ಮೇಲೆ ನೋಡುತ್ತ ನಿಂತೆ. ಕೆಳಗೆ ನೋಡುವ ಧೈರ್ಯ ಇರಲಿಲ್ಲ. ಹೆದರಿಕೆಯಾದಾಗ ಮೇಲೆ ನೋಡುವುದು, ನೋಡಿದರೆ ಅಲ್ಲಿ ಅವನಿರುವುದು, ಇಷ್ಟೇ ನನ್ನ ಭಕ್ತಿ.

ಇಲ್ಲಿ ಕುವೈತಿನಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ನಮ್ಮ ಭಾನುವಾರವೂ ಶುಕ್ರವಾರವೇ ಬರುತ್ತದೆ. ಅಂದು ಪೂಜೆಗೆ ಸೇರುವ ಜನಕ್ಕೆ ಜಾಗ ಸಾಲದೆ ಹೊರಗೆ ಅಂಗಳದಲ್ಲೂ ನಿಲ್ಲಬೇಕು. ಒಳಗೆ ಜಾಗ ಸಿಕ್ಕಿದರೂ ಮೇಲೆ ನೋಡಲು ಏನಿಲ್ಲ: ಬಿಳಿ ಜಿಪ್ಸಮ್ ಹಲಗೆ, ಏಸಿಯ ಜಾಲರಿ. ನಾನೇ ಮಾರುವಂಥ ಮಾಲು. ವಾರವಿಡೀ ಅದನ್ನೇ ನೋಡಿ ಪೂಜೆಗೆ ಬಂದು ಮತ್ತೆ ಅದನ್ನೇ ನೋಡುವುದು ಯಾರಿಗೂ ಹಿಡಿಸುವ ವಿಷಯವಲ್ಲ.

ಇದಕ್ಕೆ ನಮ್ಮ ಬೋನಿ ಮಾಮ್ ಒಂದು ಪರಿಹಾರ ಕಂಡುಹಿಡಿದಿದ್ದಾರೆ. ಮಾಮ್ ಎಂದರೆ ಮಾವ; ಅವರು ಇಲ್ಲಿರುವ ನಮ್ಮೂರ ಇಗರ್ಜಿಯವರಿಗೆಲ್ಲ ಹಿರಿಯರು. ಊರಿನಲ್ಲಿ ಇಗರ್ಜಿಯ ಒಂದೊಂದು ವಾಳೆಗೆ, ಅಂದರೆ ಕೇರಿಗೆ, ಮುಖಂಡನಾಗಿ ಒಬ್ಬ ಗುರ್ಕಾರ ಇರುವಂತೆ ಇಲ್ಲಿ ಯಾರೂ ನೇಮಿಸದ ಗುರ್ಕಾರ ಅವರು. ಪ್ರತಿ ವರ್ಷ ಊರ ಹಬ್ಬದ ದಿನ ನಾವು ಬಾಡಿಗೆ ಹಾಲಿನಲ್ಲಿ ಸೇರುತ್ತೇವೆ. ಆ ದಿನಕ್ಕೆ ಬೋನಿ ಮಾಮ್ ಥರ್ಮೋಕೋಲಿನಲ್ಲಿ ನಮ್ಮ ಇಗರ್ಜಿ ಕಟ್ಟುತ್ತಾರೆ. ಕಡಿದಾದ ಮಾಡು, ಚೂಪು ಕಿಟಕಿಗೆ ಬಣ್ಣದ ಕಾಗದ, ತಗಡಿನ ಟೊಪ್ಪಿಗೆ ಮೊಸರಿನ ಡಬ್ಬಿಯ ಮುಚ್ಚಳ. ಅದನ್ನು ಕಾರಿನಿಂದ ಇಳಿಸಿ ಎದೆಗೆ ಹಿಡಿದುಕೊಂಡು, ಗಲ್ಲ ಮೇಲೆತ್ತಿ, ಯಾರನ್ನೂ ಹತ್ತಿರ ಬರಗೊಡದೆ ಹಾಲಿನೊಳಗೆ ನಡೆಯುವಾಗ ಅವರ ಗಾಂಭೀರ್ಯ ನೋಡಬೇಕು. ಆ ಹೊತ್ತಿನಲ್ಲಿ ಯಾರಾದರೂ ಫೋನ್ ಮಾಡಿದರೆ ಅವರು ಅದನ್ನು ಒಂದು ವರ್ಷ ಮರೆಯುವುದಿಲ್ಲ.

ಈ ವರ್ಷ ಹಬ್ಬಕ್ಕೆ ಸ್ವಲ್ಪ ಮೊದಲು ಊರ ಇಗರ್ಜಿಯ ಮುಖ್ಯ ಪಾದ್ರಿ, ವಿಗಾರರ ಧ್ವನಿ ಸಂದೇಶವೊಂದು ನಮ್ಮ ಗುಂಪಿಗೆ ಬಂತು. ಮಳೆಗಾಲದಲ್ಲಿ ಹೆಂಚು ಜಾರಿ, ನೀರಿಳಿದು, ಬಲಿಪೀಠದ ಮುಂದಿನ ಮುಚ್ಚಿಗೆಯ ಹಲಗೆ ಕೊಳೆತು ಲಡ್ಡಾಗಿ ಬಿದ್ದಿತ್ತು. ಹೊಸ ಹಲಗೆ ಹೊಡೆದಾಗಿದೆ. ಚಿತ್ರ ಬರೆಯುವವನು ಸೋಮವಾರ ಅಟ್ಟಣಿಗೆ ಹತ್ತುತ್ತಾನೆ. ಆದರೆ ಅಲ್ಲಿ ಏನಿತ್ತು ಎಂದು ಊರಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ, ನಿಮ್ಮಲ್ಲಿ ಯಾರ ಬಳಿಯಾದರೂ ಫೋಟೋ ಇದ್ದರೆ ಕಳಿಸಿ, ಇಲ್ಲದಿದ್ದರೆ ನೀಲಿ ಬಳಿದು ನಕ್ಷತ್ರ ಬರೆಸುತ್ತೇವೆ ಎಂದು ಅವರು ಹೇಳಿದ್ದರು. ಬಿದ್ದದ್ದು ನನ್ನ ದೇವದೂತ. ನಾನು ಶೋರೂಮಿನಲ್ಲಿ ಒಬ್ಬ ಗಿರಾಕಿಗೆ ಬಿಳಿ ಹಲಗೆಯ ಗುಣಗಾನ ಮಾಡುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಮನೆಯವರಿಗೇ ಏನೋ ಆದಂತೆ ಆ ಸಂದೇಶವನ್ನು ಮತ್ತೊಮ್ಮೆ ಹಾಕಿ ಕೇಳಿದೆ.

ಫೋಟೋಗಳು ಬರತೊಡಗಿದವು. ಫೋಟೋಗೆ ನಮ್ಮವರಲ್ಲಿ ಬಡತನವಿಲ್ಲ. ಮದುವೆ, ನಾಮಕರಣ, ಬೆಳ್ಳಿಹಬ್ಬ, ಸ್ವರ್ಣಹಬ್ಬ. ಬೋನಿ ಮಾಮ್ ತಮ್ಮ ಮದುವೆಯ ಕಂದು ಸೂಟಿನ ಫೋಟೋ ಹಾಕಿದರು. ಎಲ್ಲರೂ ಸೂಟಿನ ಬಗ್ಗೆ ಮಾತಾಡಿದರು. ಪ್ರತಿ ಫೋಟೋದಲ್ಲೂ ಇಗರ್ಜಿಯೊಳಗೇ ನಿಂತಿದ್ದೇವೆ. ಆದರೆ ಇಗರ್ಜಿ ಕಾಣುವುದಿಲ್ಲ. ಯಾವುದೇ ಶುಭಕಾರ್ಯ ಬಂದರೂ ಮೊದಲು ಆ ಎರಕದ ಕಂಬಗಳಿಗೆ ಸ್ಯಾಟಿನ್ ಬಟ್ಟೆ ಸುತ್ತಿ, ಬಣ್ಣದ ಗಾಜಿಗೆ ಅಡ್ಡವಾಗಿ ಥರ್ಮೋಕೋಲಿನ ಪಾರಿವಾಳ ಕಟ್ಟಿ, ನೆಲಕ್ಕೆ ಕೆಂಪು ಹಾಸು ಹಾಸಿ, ಇಗರ್ಜಿ ಚೆಂದ ಕಾಣುವ ಹಾಗೆ ಮಾಡಿಯೇ ನಾವು ಫೋಟೋ ತೆಗೆಸಿಕೊಂಡದ್ದು. ನಿಜವಾದ ಇಗರ್ಜಿಯನ್ನು ಥರ್ಮೋಕೋಲಿನಿಂದ ಮುಚ್ಚಿ, ಆಮೇಲೆ ಕುವೈತಿಗೆ ಬಂದು ಥರ್ಮೋಕೋಲಿನಲ್ಲೇ ಅದನ್ನು ಕಟ್ಟುವವರು ನಾವು. ಹುಡುಗನೊಬ್ಬ ಕಂಪ್ಯೂಟರಿನಿಂದ ಒಬ್ಬ ದೇವದೂತನನ್ನು ಬರೆಸಿ ಕಳಿಸಿದ. ಬೆರಳುಗಳು ಜಾಸ್ತಿ ಇದ್ದವು.

ಚಿತ್ರ ಸಿಗದಿದ್ದರೂ ನೆನಪುಗಳಿಗೆ ಕೊರತೆ ಬರಲಿಲ್ಲ. ದೇವದೂತನ ಕೈಯಲ್ಲಿದ್ದದ್ದು ಕಹಳೆ ಎಂದರು ಬೋನಿ ಮಾಮ್. ಜಹ್ರಾದ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿರುವ ಸ್ಟೆಲ್ಲಾ ಬಾಯಿ, ಕಹಳೆಯಲ್ಲ, ಧೂಪದ ಪಾತ್ರೆ, ಸರಪಳಿ ಕೂಡ ಕಾಣುತ್ತಿತ್ತು ಎಂದರು. ನಾನು ಪಿಟೀಲು ಎಂದೆ. ಇದು ವಾದದ ವಿಷಯವೇ ಅಲ್ಲ, ನನಗೆ ಗೊತ್ತಿದ್ದ ವಿಷಯ. ಎಷ್ಟೋ ಪ್ರಸಂಗಗಳ ಕಾಲ ನಾನು ಆ ಪಿಟೀಲಿನ ಕುತ್ತಿಗೆ ನೋಡಿದ್ದೇನೆ.

"ಕಹಳೆಯೇ ಮಾರಾಯ. ನಾನು ಹುಟ್ಟುವುದಕ್ಕೆ ಮೊದಲಿಂದ ನೋಡ್ತಾ ಇದ್ದೇನೆ" ಎಂದು ಬೋನಿ ಮಾಮ್ ಧ್ವನಿ ಸಂದೇಶ ಹಾಕಿದರು. ಅದಕ್ಕೆ ಉತ್ತರ ಕೊಡುವುದು ಕಷ್ಟ.

ಕೊನೆಗೆ ಎಲ್ಲರೂ ಬೇಸತ್ತು, ನಕ್ಷತ್ರವೇ ಇರಲಿ, ನಕ್ಷತ್ರಕ್ಕೆ ಯಾರ ತಕರಾರೂ ಇಲ್ಲ ಎಂದು ತೀರ್ಮಾನಿಸುವ ಹಂತಕ್ಕೆ ಬಂದರು. ನನಗೆ ಮಾತ್ರ ಒಪ್ಪಲು ಮನಸ್ಸಾಗಲಿಲ್ಲ. ಊರಿಗೆ ಹೋಗಿ, ಆ ಜಾಗದಲ್ಲಿ ನಿಂತು, ಮೇಲೆ ನೋಡಿದಾಗ ಅಲ್ಲಿ ಯಾರೂ ಇಲ್ಲದಿದ್ದರೆ ನಾನು ಏನು ಮಾಡಬೇಕು? ಹಾಗೆ ಯೋಚಿಸುತ್ತಿರುವಾಗ ಒಂದು ವಿಷಯ ನೆನಪಾಯಿತು. ನೆನಪಾಗದಿದ್ದರೇ ಚೆನ್ನಾಗಿತ್ತು ಎಂದೂ ಅನಿಸಿತು.

ನನ್ನ ಮದುವೆಯೂ ಅದೇ ಹಲಗೆಯ ಕೆಳಗೆ ಆದದ್ದು. ಐರಿನ್ ಬೇರೆ ಇಗರ್ಜಿಯವಳು. ಅವರದ್ದು ಕಾಂಕ್ರೀಟಿನ ಚಪ್ಪಟೆ ಚಾವಣಿ, ಮೇಲೆ ನೋಡುವ ಪದ್ಧತಿ ಅವರಲ್ಲಿ ಬೆಳೆದಿಲ್ಲ. ಈಕೆಯನ್ನು ಹೆಂಡತಿಯಾಗಿ ಸ್ವೀಕರಿಸುತ್ತೀಯಾ ಎಂದು ಫಾದರ್ ಕೇಳಿದಾಗ, ನನಗೆ ಹೆದರಿಕೆಯಾಗಿ, ಅಭ್ಯಾಸದಂತೆ ನಾನು ಮೇಲೆ ನೋಡಿದೆ. ವಿಡಿಯೊದವನ ದೊಡ್ಡ ದೀಪ ನನ್ನ ಮುಖದಿಂದ ಮೇಲಕ್ಕೆ ಏರಿ ಹೋದದ್ದು ನೆನಪಿದೆ. ಕಣ್ಣಿಗೆ ಕತ್ತಲೆ ಕಟ್ಟಿ ಏನೂ ಕಾಣಲಿಲ್ಲ. ಆದರೆ ದೀಪ ಮೇಲೆ ಹೋದರೆ ಕ್ಯಾಮೆರಾವೂ ಹೋಗಿರಬೇಕು. ಇವನು ಏನು ನೋಡುತ್ತಿದ್ದಾನೆ ಎಂದು ಅವನಿಗೂ ಕುತೂಹಲ ಆಗಿರಬೇಕು.

ಆ ಕ್ಯಾಸೆಟ್ಟನ್ನು ನಾವು ಹಾಕಿದ್ದು ಒಂದೇ ಸಲ, ಮದುವೆಯ ಮುಂದಿನ ವಾರ, ಐರಿನ್‌ಳ ತಾಯಿಯ ಮನೆಯಲ್ಲಿ. ಅವಳ ಕಡೆಯವರೆಲ್ಲ ಸೇರಿದ್ದರು. ಫಾದರ್ ಕೇಳುತ್ತಾರೆ, ಟಿವಿಯಲ್ಲಿ ಮದುಮಗ ಮುಖವೆತ್ತಿ ಆಕಾಶ ನೋಡುತ್ತಾನೆ. ಹುಡುಗನಿಗೆ ಮನಸ್ಸಿರಲಿಲ್ಲವೆಂದು ಕಾಣುತ್ತದೆ, ಓಡಲು ದಾರಿ ಹುಡುಕುತ್ತಿದ್ದ ಎಂದು ಅವಳ ದೊಡ್ಡಮ್ಮ ಹೇಳಿದರು. ಎಲ್ಲರೂ ನಕ್ಕರು. ಐರಿನ್ ಅಷ್ಟಕ್ಕೇ ಎದ್ದು ಹೋಗಿ ಟಿವಿ ಆರಿಸಿ, ಚಹಾ ಆಗಿದೆ ಎಂದಳು. ಚಹಾ ಆಗಿರಲಿಲ್ಲ. ನಾನು ಆಮೇಲೆ, ನೋಡುತ್ತಿದ್ದದ್ದು ಮುಚ್ಚಿಗೆಯನ್ನು ಎಂದು ವಿವರಿಸಿದೆ. ಮದುವೆಯ ದಿನ ಹೆಂಡತಿಗಿಂತ ಹಲಗೆ ಹೆಚ್ಚಾಯಿತೇ ಎಂದು ಕೇಳಿದಳು. ವಿವರಣೆಯಿಂದ ಕೆಲಸ ಕೆಡುತ್ತದೆ ಎಂದು ನಾನು ಕಲಿತದ್ದು ಆಗ. ಮತ್ತೆ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಆದರೂ ಕುವೈತಿಗೆ ಬರುವಾಗ ಅವಳು ಆ ಕ್ಯಾಸೆಟ್ಟನ್ನು ಸೀರೆಗಳ ನಡುವೆ ಇಟ್ಟು ತಂದಿದ್ದಳು. ಯಾಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಐರಿನ್ ಅಡಿಗೆಮನೆಯಲ್ಲಿ ಜುಬೈದಿ ಮೀನು ಶುಚಿ ಮಾಡುತ್ತಿದ್ದಳು; ನಮ್ಮೂರ ಮಾಂಜಿಯೇ, ಹೆಸರು ಮಾತ್ರ ಇಲ್ಲಿಯದು. ನಾನು ಹೋಗಿ ಬಾಗಿಲಲ್ಲಿ ನಿಂತೆ. ನಾವು ಮಾತಾಡಿದ್ದು ಕೊಂಕಣಿಯಲ್ಲಿ. ಕನ್ನಡದಲ್ಲಿ ಬರೆಯುವಾಗ ಅದರ ಖಾರ ಸ್ವಲ್ಪ ಇಳಿಯುತ್ತದೆ, ಓದುವವರು ಸೇರಿಸಿಕೊಳ್ಳಬೇಕು.

"ಆ ಕ್ಯಾಸೆಟ್ ಎಲ್ಲುಂಟು?" ಎಂದೆ.

"ಯಾವ ಕ್ಯಾಸೆಟ್?"

ನಮ್ಮ ಮನೆಯಲ್ಲಿರುವುದು ಒಂದೇ ಕ್ಯಾಸೆಟ್. ನಾನು ಮೇಲೆ ನೋಡಿದೆ. ಅಡಿಗೆಮನೆಯ ಸೀಲಿಂಗಿನಲ್ಲಿ ಎಣ್ಣೆಯ ಮಸಿ ಹಿಡಿದಿತ್ತು. ವಿಗಾರರ ಸಂದೇಶ, ಬಿದ್ದ ಹಲಗೆ, ಸೋಮವಾರದ ಗಡುವು, ಮೇಲಕ್ಕೇರಿದ ದೀಪ, ಎಲ್ಲವನ್ನೂ ಆ ಮಸಿಗೇ ಹೇಳಿದೆ. ಐರಿನ್ ಮೀನಿನ ರೆಕ್ಕೆ ಕತ್ತರಿಸುತ್ತಿದ್ದಳು. ಕೆಲಸ ಮುಗಿಸಿ, ಕೈ ತೊಳೆದು, ಒರೆಸಿಕೊಂಡಳು.

"ಹಾಕುವುದಾದರೆ ಪೂರ್ತಿ ಹಾಕಬೇಕು. ನಿನ್ನ ದೇವದೂತ ಸಿಕ್ಕಿದ ಕೂಡಲೇ ನಿಲ್ಲಿಸುವುದಲ್ಲ. ಆಮೇಲೆ ನೀನು ಎಂತ ಮಾಡಿದ್ದಿ ಅಂತ ನನಗೂ ನೋಡ್ಬೇಕು" ಎಂದಳು.

ಅಷ್ಟು ವರ್ಷ ಅದು ಅವಳೊಳಗೇ ಇತ್ತು ಎಂದು ಆಗ ಗೊತ್ತಾಯಿತು. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಆಮೇಲೆ ನಾನು ಎಂತ ಮಾಡಿದ್ದೆ ಎಂದು ನನಗೂ ನೆನಪಿರಲಿಲ್ಲ.

ಈಗ ಕ್ಯಾಸೆಟ್ ಓಡಿಸುವ ಯಂತ್ರ ಯಾರ ಮನೆಯಲ್ಲಿದೆ? ರುಮೈಥಿಯಾದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಹಮೀದಾಕನ ಬಳಿ ಒಂದಿದೆ. ಅಲ್ಲಿಯ ಮನೆಗಳ ಅಜ್ಜಿಯರು ತಮ್ಮ ಹಳೆಯ ಮದುವೆ ಕ್ಯಾಸೆಟ್ಟುಗಳನ್ನು ಹಿಡಿದುಕೊಂಡು ಬರುತ್ತಾರೆಂದು ಅವನು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾನೆ. ಹಮೀದಾಕ ನಮ್ಮೂರ ಬ್ಯಾರಿ ಮುಸಲ್ಮಾನ. ಓದಿದ್ದು ನಮ್ಮ ಇಗರ್ಜಿಯ ಶಾಲೆಯಲ್ಲಿ. ಊರಲ್ಲಿ ನಮ್ಮವರನ್ನು ಕರೆಯುವ ಹಾಗೆ ನನ್ನನ್ನು ಪೊರ್ಬುಗಳೇ ಎಂದೇ ಕರೆಯುತ್ತಾನೆ. ಶಾಲೆಯ ದಿನಗಳಲ್ಲಿ ಇಗರ್ಜಿಯ ಗಂಟೆ ಊಟದ ಹೊತ್ತಿಗೆ ತಡವಾಗಿ ಹೊಡೆಯುತ್ತಿತ್ತು ಎಂಬುದು ಅವನ ಹಳೆಯ ದೂರು. ಸಿಕ್ಕಾಗಲೆಲ್ಲ ನಾನೇ ಗಂಟೆ ಹೊಡೆಯುತ್ತಿದ್ದವನಂತೆ ನನ್ನಲ್ಲಿ ವಿಚಾರಿಸುತ್ತಾನೆ.

ನಾನು, ಐರಿನ್, ಮಗಳು ಶಾರನ್ ಮೂವರೂ ಶನಿವಾರ ಬೆಳಗ್ಗೆ ಅಂಗಡಿಗೆ ಹೋದೆವು. ಹಮೀದಾಕ ಕ್ಯಾಸೆಟ್ ಬಿಚ್ಚಿ, ಬೂಸ್ಟು ಹಿಡಿದ ಟೇಪನ್ನು ಹತ್ತಿಯಿಂದ ಒರೆಸಿದ.

"ಒಂದು ಸಲ ಓಡ್ತದೆ ಪೊರ್ಬುಗಳೇ. ಎರಡನೇ ಸಲಕ್ಕೆ ನಾನು ಗ್ಯಾರಂಟಿ ಹೇಳುವುದಿಲ್ಲ" ಎಂದ.

ಶಾರನ್ ಕನ್ನಡ, ಕೊಂಕಣಿ ಎರಡನ್ನೂ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರಿಸುವ ಹುಡುಗಿ. ಫೋನನ್ನು ಟಿವಿಯ ಎದುರು ಹಿಡಿದು, ಪಪ್ಪಾ, ನೋ ಟಾಕಿಂಗ್ ಎಂದಳು. ಕೌಂಟರಿನ ಆಚೆ, ಫೋನಿನ ಗಾಜು ಬದಲಾಯಿಸಿಕೊಳ್ಳಲು ಬಂದಿದ್ದ ಕುವೈತಿ ಅಜ್ಜಿಯೊಬ್ಬರು ಕುರ್ಚಿಯನ್ನು ಸ್ವಲ್ಪ ಈಚೆಗೆ ಎಳೆದುಕೊಂಡರು.

ಮೊದಲು ಗುಲಾಬಿ ಹೂಗಳು ಸುತ್ತಿದವು. ಒಂದು ತಾವರೆ ಅರಳಿ, ಅದರೊಳಗಿಂದ ನಾನೂ ಐರಿನ್ನೂ ಎದ್ದು ಬಂದೆವು. ವಿಡಿಯೊದವನು ಅದಕ್ಕೆ ಬೇರೆ ಕಾಸು ಕೇಳಿದ್ದ. ಆಮೇಲೆ ಇಗರ್ಜಿ, ಸ್ಯಾಟಿನ್ ಸುತ್ತಿದ ಕಂಬಗಳು, ಪಾರಿವಾಳಗಳು. ಮುಂದಿನ ಸಾಲಿನಲ್ಲಿ ಅಮ್ಮ ಕೂತಿದ್ದಳು. ಅದನ್ನು ನಾನು ಎದುರು ನೋಡಿರಲಿಲ್ಲ. ಸೀರೆಯ ಸೆರಗು ಸರಿಪಡಿಸಿಕೊಂಡು, ಪಕ್ಕದವರಿಗೆ ಏನೋ ಹೇಳಿ ನಗುತ್ತಿದ್ದಳು. ಐರಿನ್ ನನ್ನ ಕಡೆ ನೋಡದೆ ನನ್ನ ಕೈಗೆ ತನ್ನ ಕರವಸ್ತ್ರ ಕೊಟ್ಟಳು.

ಫಾದರ್ ಪ್ರಶ್ನೆ ಕೇಳಿದರು. ಟಿವಿಯಲ್ಲಿ ನಾನು ಮುಖವೆತ್ತಿದೆ. ಸತ್ಯ ಹೇಳಬೇಕೆಂದರೆ ದೊಡ್ಡಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ; ಓಡಲು ದಾರಿ ಹುಡುಕುವವನ ಮುಖವೇ ಅದು. ಕುವೈತಿ ಅಜ್ಜಿ, ಇವನು ಏನು ಹುಡುಕುತ್ತಿದ್ದಾನೆ ಎಂದು ಅರಬ್ಬಿಯಲ್ಲಿ ಹಮೀದಾಕನನ್ನು ಕೇಳಿದರು. ಅಷ್ಟರಲ್ಲಿ ಕ್ಯಾಮೆರಾ ಅಲುಗಾಡಿ, ಮೇಲಕ್ಕೆ ಏರತೊಡಗಿತು. ಕಂಬ, ಕಂಬದ ತುದಿಯ ಎಲೆಗೊಂಚಲು, ತೊಲೆ, ನೀಲಿ, ನಕ್ಷತ್ರ. ಆಮೇಲೆ, ದೀಪದ ಬೆಳಕಿನಲ್ಲಿ, ಹೊಗೆಯ ಮಸುಕು ದಾಟಿ, ನನ್ನ ದೇವದೂತ.

ಅವನ ಕೈಯಲ್ಲಿದ್ದದ್ದು ಪಿಟೀಲಲ್ಲ. ಕಹಳೆಯೂ ಅಲ್ಲ, ಧೂಪದ ಪಾತ್ರೆಯೂ ಅಲ್ಲ. ಒಂದು ಇಗರ್ಜಿ. ಕಡಿದಾದ ಮಾಡು, ಚೂಪು ಕಿಟಕಿಗಳು, ಕಿಟಕಿಗಳಲ್ಲಿ ಕೆಂಪು ನೀಲಿ ಚುಕ್ಕೆಗಳು. ನಮ್ಮದೇ ಇಗರ್ಜಿ. ಆದರೆ ಅದರ ಗೋಪುರಕ್ಕೆ ತಗಡಿನ ಟೊಪ್ಪಿ ಇರಲಿಲ್ಲ. ಉದ್ದನೆಯ ಚೂಪು ತುದಿ ದೇವದೂತನ ಗಲ್ಲದವರೆಗೂ ಏರಿತ್ತು. ಆ ತುದಿಯನ್ನೇ ನಾನು ಪಿಟೀಲಿನ ಕುತ್ತಿಗೆ ಎಂದುಕೊಂಡದ್ದು, ಬೋನಿ ಮಾಮ್ ಕಹಳೆ ಎಂದದ್ದು. ನಮ್ಮ ಇಗರ್ಜಿಗೆ ತುದಿ ಇರುವುದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಅದು ನಮ್ಮ ಇಗರ್ಜಿ ಎಂದು ಯಾರಿಗೂ ಹೊಳೆಯಲಿಲ್ಲ. ಅಷ್ಟು ವರ್ಷ ಕತ್ತು ನೋಯುವವರೆಗೆ ನೋಡಿದ ನನಗೂ ಹೊಳೆಯಲಿಲ್ಲ.

ಎರಡು ಕೈಯಲ್ಲೂ ಇಗರ್ಜಿಯನ್ನು ಎದೆಗೆ ಹಿಡಿದು, ಗಲ್ಲ ಮೇಲೆತ್ತಿ, ಯಾರನ್ನೂ ಹತ್ತಿರ ಬರಗೊಡದವನಂತೆ ಅವನು ನಿಂತಿದ್ದ.

"ದಟ್ಸ್ ಬೋನಿ ಅಂಕಲ್" ಎಂದಳು ಶಾರನ್.

ನೋ ಟಾಕಿಂಗ್ ಎಂದವಳೇ ಮಾತಾಡಿದ್ದರಿಂದ ಆ ಮಾತು ರೆಕಾರ್ಡಿನಲ್ಲಿ ಸೇರಿ ಊರಿಗೂ ಹೋಯಿತು. ಹಮೀದಾಕ ಕೈ ಯಂತ್ರದ ಗುಂಡಿಯ ಮೇಲಿಟ್ಟು, ಸಾಕಾ ಪೊರ್ಬುಗಳೇ ಎಂದು ಕೇಳಿದ. ನನಗೆ ಬೇಕಾದದ್ದು ಸಿಕ್ಕಿತ್ತು. ನಾನು ಉತ್ತರಿಸುವ ಮೊದಲು ಐರಿನ್, ಬೇಡ, ನಿಲ್ಲಿಸಬೇಡಿ ಎಂದಳು.

ಕ್ಯಾಮೆರಾ ಕೆಳಗಿಳಿಯಿತು. ಇಳಿಯುವ ದಾರಿಯಲ್ಲಿ ಮೊದಲು ಸಿಕ್ಕಿದವರು ಫಾದರ್. ಪುಸ್ತಕ ಹಿಡಿದ ಕೈ ಹಾಗೇ ಇದೆ, ಬಾಯಿ ಸ್ವಲ್ಪ ತೆರೆದಿದೆ, ಮೇಲೆ ನೋಡುತ್ತಿದ್ದಾರೆ. ನನ್ನ ಜೊತೆಗಾರ ಮೇಲೆ ನೋಡುತ್ತಿದ್ದಾನೆ. ಮುಂದಿನ ಸಾಲು, ಅದರ ಹಿಂದಿನ ಸಾಲು, ಹಾಡುವವರು, ಹೂ ಹಿಡಿದ ಮಕ್ಕಳು, ಐರಿನ್‌ಳ ದೊಡ್ಡಮ್ಮ, ನನ್ನ ಅಮ್ಮ, ಇಡೀ ಇಗರ್ಜಿ ಕತ್ತೆತ್ತಿ ಮುಚ್ಚಿಗೆ ನೋಡುತ್ತಿದೆ. ಮೇಲೆ ನೋಡದೆ ಇದ್ದವಳು ಒಬ್ಬಳೇ. ಬಿಳಿ ಗೌನು, ತಲೆಯ ಮೇಲೆ ಬಿಳಿ ಹೂಗಳ ಮುಡಿ. ಐರಿನ್ ನನ್ನನ್ನು ನೋಡುತ್ತಿದ್ದಳು. ಸಿಟ್ಟಿನಿಂದಲ್ಲ, ಹೆದರಿಕೆಯಿಂದಲೂ ಅಲ್ಲ. ಇವನು ಇಳಿದು ಬರಲಿ ಎಂದು ಕಾಯುತ್ತಿದ್ದಳು, ಅಷ್ಟೆ.

ಟಿವಿಯ ನಾನು ಮುಖ ಇಳಿಸಿದೆ. ಅವಳು ನೋಡುತ್ತಿರುವುದನ್ನು ಕಂಡೆ. ಕಂಡದ್ದೇ ನನ್ನ ಮುಖ ಪೂರ್ತಿ ಬದಲಾಯಿತು. ಅಷ್ಟು ದೊಡ್ಡದಾಗಿ ನಾನು ನಗಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಹೌದು ಎಂದೆ. ಮೈಕಿನ ತೀರಾ ಹತ್ತಿರ ಹೇಳಿದ್ದರಿಂದ ಹಮೀದಾಕನ ಅಂಗಡಿಯ ಸ್ಪೀಕರ್ ಒಂದು ಕ್ಷಣ ಒಡಕಾಗಿ ಕಿರುಚಿತು. ಮೇಲೆ ನೋಡುತ್ತಿದ್ದ ಇಗರ್ಜಿಯೆಲ್ಲ ಬೆಚ್ಚಿ ಕೆಳಗೆ ನೋಡಿತು. ಕುವೈತಿ ಅಜ್ಜಿ ಚಪ್ಪಾಳೆ ತಟ್ಟಿದರು.

ಐರಿನ್ ಅದನ್ನು ಟಿವಿಯಲ್ಲಿ ನೋಡಿದ್ದು ಇದೇ ಮೊದಲ ಸಲ. ಅಂದು ಎದುರೇ ನಿಂತು ಕಂಡಿದ್ದರೂ, ದೊಡ್ಡಮ್ಮನ ಮಾತಿನ ಮೇಲೆ ಅವಳ ಪಾಲಿಗೆ ಆ ಮದುವೆ ಇಷ್ಟು ವರ್ಷ ನಾನು ಮೇಲೆ ನೋಡುವಲ್ಲಿಗೇ ನಿಂತಿತ್ತು. ಅವಳು ಹಮೀದಾಕನಿಗೆ, ಹಿಂದೆ ಓಡಿಸಿ ಮತ್ತೊಮ್ಮೆ ಹಾಕಿ ಎಂದಳು. ಟೇಪ್ ಹರಿಯಬಹುದು, ಗ್ಯಾರಂಟಿ ಇಲ್ಲ ಎಂದು ಮೊದಲೇ ಹೇಳಿದ್ದೇನಲ್ಲ ಎಂದ ಅವನು.

"ಪರವಾಗಿಲ್ಲ, ಹಾಕಿ" ಎಂದಳು ಐರಿನ್.

ಟೇಪ್ ಹರಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ವಿಡಿಯೊ ಊರು ತಲುಪಿ, ಇಗರ್ಜಿಯನ್ನೇ ಬರೆಸುತ್ತೇವೆ, ಚೂಪು ತುದಿಯ ಸಮೇತ, ಎಂದು ವಿಗಾರರ ಉತ್ತರ ಬಂತು. ಸಿಡಿಲಿನ ಪಕ್ಷದವರು ಗೆದ್ದೆವೆಂದು ಸಂಭ್ರಮಿಸಿದರು. ಕಟ್ಟಲೇ ಇಲ್ಲ ಎನ್ನುವವರು, ಅದು ಬರೀ ಚಿತ್ರ, ನಕಾಶೆ ನೋಡಿ ಬರೆದದ್ದು ಎಂದರು. ಕಹಳೆ ಇಗರ್ಜಿಯ ಒಳಗಡೆ ಇದ್ದಿರಬೇಕು ಎಂದು ಬೋನಿ ಮಾಮ್ ಬರೆದರು.

ಮನೆಗೆ ಮರಳಿ ಲಿಫ್ಟ್ ಹತ್ತಿದೆವು. ಶಾರನ್ ಫೋನ್ ನೋಡುತ್ತಿದ್ದಳು. ಬಾಗಿಲು ಮುಚ್ಚಿತು.

"ಟ್ಯೂಬ್‌ಲೈಟ್ ಹೊಸತು ಹಾಕಿದ್ದಾರೆ" ಎಂದಳು ಐರಿನ್, ಕತ್ತೆತ್ತಿ.

ಹೌದಾ ಎಂದೆ. ನಾನು ನೋಡಿರಲಿಲ್ಲ.